ಕಣದ ಮಾತು: ವಿಕಿರಣ ಪಟ್ಟಿಯ ಎಲೆಕ್ಟ್ರಾನುಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಒಂದು ಲ್ಯಾಪ್‌ಟಾಪ್, ಒಂದು ಸಣ್ಣ ಸ್ಪೀಕರ್ ಹಿಡಿದುಕೊಂಡು ವಿಜಯಪುರ, ಬಾಗಲಕೋಟೆ ಕಡೆಯ ಶಾಲೆ ಕಾಲೇಜುಗಳಿಗೆ ಹೋಗುತ್ತಿರುತ್ತೇನೆ. ಭೂಮಿ ಸುತ್ತ ಇರುವ ವಿಕಿರಣ ಪಟ್ಟಿಗಳ ಬಗ್ಗೆ, ಅಂದರೆ ಭೂಮಿಯ ಕಾಂತಕ್ಷೇತ್ರದಲ್ಲಿ ಸಿಕ್ಕಿಕೊಂಡ ಜೋರಿನ ಕಣಗಳ ಬಗ್ಗೆ ಮಾತಾಡುತ್ತೇನೆ, ಅಲ್ಲಿನ ಅಲೆಗಳನ್ನು ಸ್ಪೀಕರಿನಲ್ಲಿ ಕೇಳಿಸುತ್ತೇನೆ. ಭಾಷಣದ ಹೊತ್ತಿನಲ್ಲಿ ಯಾರೂ ಕೈ ಎತ್ತುವುದಿಲ್ಲ. ಆಮೇಲೆ ಚಹಾ ಕುಡಿಯುವಾಗ, ಬಸ್ ಸ್ಟ್ಯಾಂಡಿನಲ್ಲಿ, ಫೋನಿನಲ್ಲಿ, ಪತ್ರದಲ್ಲಿ ಪ್ರಶ್ನೆಗಳು ಬರುತ್ತವೆ. ಮತ್ತೆ ಮತ್ತೆ ಬಂದವನ್ನು ಇಲ್ಲಿ ಕೂಡಿಸಿದ್ದೇನೆ. ಕೇಳಿದವರ ಮಾತು ಹೇಗಿತ್ತೋ ಹಾಗೇ ಬಿಟ್ಟಿದ್ದೇನೆ.

## ಬುಡದಿಂದ

ಸರ್, ಪ್ಲಾಸ್ಮಾ ಅಂದ್ರ ದವಾಖಾನ್ಯಾಗ ರಕ್ತದಿಂದ ತಗೀತಾರಲ್ರಿ, ಅದ ಏನು?

ಹೆಸರು ಒಂದೇ, ವಸ್ತು ಬೇರೆ. ನಾವು ಹೇಳುವ ಪ್ಲಾಸ್ಮಾ ಒಂದು ಬಗೆಯ ಅನಿಲ. ಬಹಳ ಬಿಸಿಗೋ, ಸೂರ್ಯನ ಅತಿನೇರಳೆ ಬೆಳಕಿಗೋ ಪರಮಾಣುಗಳಿಂದ ಎಲೆಕ್ಟ್ರಾನ್ ಕಿತ್ತುಬಂದಿರುತ್ತವೆ. ಋಣ ವಿದ್ಯುತ್ತಿನ ಎಲೆಕ್ಟ್ರಾನುಗಳು, ಧನ ವಿದ್ಯುತ್ತಿನ ಅಯಾನುಗಳು ಬೇರೆ ಬೇರೆಯಾಗಿ, ಆದರೆ ಒಟ್ಟಿಗೇ ಓಡಾಡಿಕೊಂಡಿರುತ್ತವೆ. ಸಿಡಿಲಿನ ಗೆರೆ ಪ್ಲಾಸ್ಮಾ. ವೆಲ್ಡಿಂಗ್ ಅಂಗಡಿಯ ಕಣ್ಣು ಕುಕ್ಕುವ ಕಿಡಿ ಪ್ಲಾಸ್ಮಾ. ಈ ಹೆಸರನ್ನು 1928ರಲ್ಲಿ ಇಟ್ಟವರು ಅಮೆರಿಕದ ಇರ್ವಿಂಗ್ ಲ್ಯಾಂಗ್‌ಮ್ಯೂರ್. ಗಲಿಬಿಲಿಗೆ ಅವರೇ ಹೊಣೆ.

ಭೂಮಿ ಸುತ್ತ ಪಟ್ಟಿ ಐತಿ ಅಂತೀರಿ. ಯಾರು ನೋಡ್ಯಾರ?

ಕಣ್ಣಿಗೆ ಕಾಣುವಂಥದ್ದಲ್ಲ. 1958ರ ಜನವರಿ 31ರಂದು ಅಮೆರಿಕ ತನ್ನ ಮೊದಲ ಉಪಗ್ರಹ ಎಕ್ಸ್‌ಪ್ಲೋರರ್ 1 ಹಾರಿಸಿತು. ಅದರಲ್ಲಿ ಅಯೋವಾ ವಿಶ್ವವಿದ್ಯಾಲಯದ ಜೇಮ್ಸ್ ವ್ಯಾನ್ ಅಲೆನ್ ಅವರ ಗೈಗರ್ ಕೌಂಟರ್ ಇತ್ತು. ಕಣ ಬಡಿದರೆ 'ಟಿಕ್' ಎನ್ನುವ ಉಪಕರಣ. ಕೆಳಗಿದ್ದಾಗ ಸರಿಯಾಗೇ ಎಣಿಸುತ್ತಿತ್ತು. ಮೇಲೆ ಮೇಲೆ ಹೋದ ಹಾಗೆ ಎಣಿಕೆ ಸೊನ್ನೆಗೆ ಬಂತು! ಕೆಟ್ಟಿತೇನೋ ಅಂದುಕೊಂಡರು. ಮಾರ್ಚ್‌ನಲ್ಲಿ ಎಕ್ಸ್‌ಪ್ಲೋರರ್ 3 ಟೇಪ್ ರೆಕಾರ್ಡರ್ ಸಮೇತ ಹೋದಾಗ ಗುಟ್ಟು ಬಯಲಾಯಿತು. ಕಣಗಳು ಎಷ್ಟು ಜಾಸ್ತಿ ಬಡಿಯುತ್ತಿದ್ದವು ಅಂದರೆ, ಒಂದನ್ನು ಎಣಿಸಿ ಸುಧಾರಿಸಿಕೊಳ್ಳುವುದರೊಳಗೆ ಇನ್ನೊಂದು ಬಂದು ಕೌಂಟರ್ ಉಸಿರುಗಟ್ಟಿ ಮೂಕವಾಗುತ್ತಿತ್ತು. ಜಾತ್ರೆಯಲ್ಲಿ ಎಲ್ಲರೂ ಒಮ್ಮೆಗೇ ನುಗ್ಗಿದರೆ ಟಿಕೆಟ್ ಹರಿಯುವವನ ಕೈ ನಿಂತುಬಿಡುತ್ತದಲ್ಲ, ಹಾಗೆ. ಆ ಪಟ್ಟಿಗಳಿಗೆ ವ್ಯಾನ್ ಅಲೆನ್ ಹೆಸರೇ ಉಳಿಯಿತು.

ಎಷ್ಟು ಮ್ಯಾಲ ಐತ್ರಿ? ನಮ್ಮ ಜ್ವಾಳಕ್ಕ ಏನರ ತ್ರಾಸ ಐತೇನು?

ತ್ರಾಸ ಇಲ್ಲ. ಒಳಪಟ್ಟಿ ಸುಮಾರು 1,000 ಕಿ.ಮೀ. ಎತ್ತರದಲ್ಲಿ ಶುರುವಾಗುತ್ತದೆ. ಅಂದರೆ ಬೆಳಗಾವಿಯಿಂದ ಬೆಂಗಳೂರಿಗೆ ಹೋಗಿ ಬಂದಷ್ಟು ದೂರ, ನೆಟ್ಟಗೆ ಮೇಲಕ್ಕೆ. ಅಲ್ಲಿ ಮುಖ್ಯವಾಗಿ ಪ್ರೋಟಾನುಗಳ ದರ್ಬಾರು. ಹೊರಪಟ್ಟಿ ಸುಮಾರು 13,000ದಿಂದ 60,000 ಕಿ.ಮೀ.ವರೆಗೆ. ಅದು ಎಲೆಕ್ಟ್ರಾನುಗಳದ್ದು. ಅಲ್ಲಿಂದ ಯಾವುದಾದರೂ ಎಲೆಕ್ಟ್ರಾನ್ ತಪ್ಪಿಸಿಕೊಂಡು ಕೆಳಗೆ ಬಂದರೂ 100 ಕಿ.ಮೀ. ಮೇಲೋ ಕೆಳಗೋ ಗಾಳಿಗೆ ಬಡಿದು ಅಲ್ಲೇ ಮುಗಿಯುತ್ತದೆ. ನಮ್ಮ ತಲೆ ಮೇಲಿನ ಗಾಳಿಯ ತೂಕ ಹತ್ತು ಮೀಟರ್ ನೀರಿನಷ್ಟಿದೆ. ಜೋಳಕ್ಕೆ ಮಳೆ ಕೈಕೊಡದಿದ್ದರೆ ಸಾಕು.

ಎಲೆಕ್ಟ್ರಾನ್ ಅಷ್ಟು ಜೋರು ಓಡ್ತದಂತ. ಮತ್ತ ಹಾರಿ ಹೊರಗ ಯಾಕ ಹೋಗೂದಿಲ್ಲ?

ಹಳೆಯ ಕಾಲದ ರಾಶಿ ನೋಡಿದವರಿಗೆ ಇದು ಬೇಗ ತಿಳಿಯುತ್ತದೆ. ಕಣದ ನಡುವೆ ಮೇಟಿ ನೆಟ್ಟಿರುತ್ತಿತ್ತು. ಹಂತಿಯ ಎತ್ತುಗಳು ಎಷ್ಟೇ ಬಿರುಸಾಗಿ ನಡೆದರೂ ಮೇಟಿ ಸುತ್ತಲೇ ತಿರುಗುತ್ತಿದ್ದವು. ಎಲೆಕ್ಟ್ರಾನಿಗೆ ಭೂಮಿಯ ಕಾಂತಕ್ಷೇತ್ರದ ಬಲರೇಖೆಯೇ ಮೇಟಿ. (ಕಣ ಅನ್ನುವ ಮಾತು ಎರಡೂ ಕಡೆ ಬಂದದ್ದು ನನಗಂತೂ ಖುಷಿ.)

ಲೆಕ್ಕ ಹಾಕಿ ನೋಡೋಣ. ನೆಲದಿಂದ ಸುಮಾರು 19,000 ಕಿ.ಮೀ. ಮೇಲೆ, ದಶಲಕ್ಷ ಎಲೆಕ್ಟ್ರಾನ್ ವೋಲ್ಟ್ (ಕಣದ ಶಕ್ತಿ ಅಳೆಯುವ ಮಾನ) ಶಕ್ತಿಯ ಒಂದು ಎಲೆಕ್ಟ್ರಾನ್ ಇದೆ ಅಂದುಕೊಳ್ಳಿ. ಅದರ ವೇಗ ಬೆಳಕಿನ ವೇಗದ ಶೇ. 94. ಅದು ಸುಮಾರು ಹತ್ತು ಕಿ.ಮೀ. ತ್ರಿಜ್ಯದ ಸುತ್ತು ಹಾಕುತ್ತದೆ, ಸೆಕೆಂಡಿಗೆ ಸುಮಾರು 4,500 ಸಲ. ಇದು ಮೊದಲನೆಯ ಓಟ.

ಎರಡನೆಯದು ಲಾಳಿಯ ಓಟ. ಇಳಕಲ್ಲಿನ ಮಗ್ಗದಲ್ಲಿ ಲಾಳಿ ಈ ದಡದಿಂದ ಆ ದಡಕ್ಕೆ ಹೋಗಿ ಬರುವಂತೆ, ಎಲೆಕ್ಟ್ರಾನ್ ಬಲರೇಖೆಗುಂಟ ಉತ್ತರಕ್ಕೂ ದಕ್ಷಿಣಕ್ಕೂ ಓಡಾಡುತ್ತದೆ. ಧ್ರುವಗಳ ಕಡೆ ಹೋದಂತೆ ಬಲರೇಖೆಗಳು ಒತ್ತೊತ್ತಾಗುತ್ತವೆ, ಕ್ಷೇತ್ರ ಬಿಗಿಯಾಗುತ್ತದೆ. ಅಲ್ಲಿ ಎಲೆಕ್ಟ್ರಾನ್ ಹಿಂದಕ್ಕೆ ತಳ್ಳಿಸಿಕೊಳ್ಳುತ್ತದೆ. ಹೋಗಿ ಬರುವುದಕ್ಕೆ ಅರ್ಧ ಸೆಕೆಂಡೂ ಬೇಡ.

ಮೂರನೆಯದು ನಿಧಾನದ ಓಟ: ಪೂರ್ವಕ್ಕೆ ಸರಿಯುತ್ತಾ ಇಡೀ ಭೂಮಿಗೆ ಒಂದು ಪ್ರದಕ್ಷಿಣೆ, ಇಪ್ಪತ್ತು ನಿಮಿಷದ ಆಸುಪಾಸಿನಲ್ಲಿ.

ಅಲ್ಲಿ ಡಿಕ್ಕಿ ಹೊಡೆಯುವುದಕ್ಕೆ ಗಾಳಿ ಇಲ್ಲವೇ ಇಲ್ಲ ಎನ್ನಬೇಕು. ಹಾಗಾಗಿ ಯಾರೂ ಕೆಣಕದಿದ್ದರೆ ಈ ಮೂರೂ ಓಟ ವರ್ಷಗಟ್ಟಲೆ ನಡೆಯಬೇಕು. ನಿಜದಲ್ಲಿ ಹೊರಪಟ್ಟಿ ಕೆಲವು ಗಂಟೆಗಳಲ್ಲೇ ಬರಿದಾಗುವುದುಂಟು, ಮತ್ತೆ ತುಂಬುವುದೂ ಉಂಟು. ಕೆಣಕುವವರು ಯಾರು? ಅಲೆಗಳು. ಮುಂದಿನದೆಲ್ಲಾ ಅವುಗಳ ಕಥೆ.

## ಅಲೆಗಳ ಬಗ್ಗೆ

ಗಾಳಿನೇ ಇಲ್ಲ ಅಂದ್ರಿ. ಮತ್ತ ಅಲೆ ಎಲ್ಲಿಂದ ಬಂತು?

ಇವು ಗಾಳಿಯ ಅಲೆಗಳಲ್ಲ, ವಿದ್ಯುತ್ ಮತ್ತು ಕಾಂತಕ್ಷೇತ್ರದ ಅಲೆಗಳು. ರೇಡಿಯೊ ಅಲೆಯ ಬಳಗ. ಆದರೆ ಪ್ಲಾಸ್ಮಾದೊಳಗೆ ಹಾಯುವಾಗ ಅಲ್ಲಿನ ಕಣಗಳೂ ಜೊತೆಗೆ ತೂಗುತ್ತವೆ. ಅದರಿಂದ ಅಲೆಯ ವೇಗ, ದಿಕ್ಕು, ಚಾಳಿ ಎಲ್ಲಾ ಬದಲಾಗುತ್ತದೆ. ಕೆಲವು ಅಲೆ ಸಿಡಿಲಿನಿಂದ ಹುಟ್ಟಿ ಮೇಲೆ ಸೋರಿಹೋಗುತ್ತವೆ. ಬಹಳಷ್ಟು ಅಲೆಗಳನ್ನು ಅಲ್ಲಿನ ಕಣಗಳೇ ಹುಟ್ಟಿಸುತ್ತವೆ.

ನೀವು ಕೇಳಿಸಿದ ಆ ಹಕ್ಕಿ ಸಪ್ಪಳ ಖರೇನ ಐತೋ, ಮೊಬೈಲ್‌ನಾಗ ಮಾಡಿದ್ದೋ?

ಖರೇನೇ. ಈ ಪ್ರಶ್ನೆ ಬರದ ಊರಿಲ್ಲ. ಬೀಳಗಿ ಹತ್ತಿರದ ಒಂದು ಹಳ್ಳಿಯ ಶಾಲೆಯಲ್ಲಿ ಸ್ಪೀಕರ್ ಹಚ್ಚಿದಾಗ ಹುಡುಗರೆಲ್ಲ ಕಿಟಕಿ ಕಡೆ ತಿರುಗಿದರು. ಹೊರಗಿನ ಬೇವಿನ ಗಿಡದಲ್ಲಿ ಗುಬ್ಬಿ ಕೂತಿವೆ ಅಂತ.

ಆ ಅಲೆಗಳ ಹೆಸರೇ ಕೋರಸ್. ಅವು ಶಬ್ದವಲ್ಲ, ಅಷ್ಟು ನೆನಪಿಡಿ. ಆದರೆ ಸೆಕೆಂಡಿಗೆ ಕೆಲವು ನೂರರಿಂದ ಕೆಲವು ಸಾವಿರ ಸಲ ತೂಗುತ್ತವೆ, ನಮ್ಮ ಕಿವಿ ಕೇಳುವ ಶಬ್ದದಷ್ಟೇ. ಆದ್ದರಿಂದ ಉಪಗ್ರಹದ ಆಂಟೆನಾ ಹಿಡಿದದ್ದನ್ನು ಹಾಗೇ ಸ್ಪೀಕರಿಗೆ ಕೊಟ್ಟರೆ ಸಾಕು, ಏನೂ ಹಿಗ್ಗಿಸಿ ಕುಗ್ಗಿಸಬೇಕಿಲ್ಲ. ಒಂದೊಂದು ಚಿಲಿಪಿಲಿಯೂ ತಗ್ಗಿನ ಸ್ವರದಲ್ಲಿ ಶುರುವಾಗಿ ಸೆಕೆಂಡಿಗೂ ಕಡಿಮೆ ಹೊತ್ತಿನಲ್ಲಿ ಸರ್‍ರನೆ ಮೇಲಕ್ಕೆ ಏರುತ್ತದೆ. 'ಹುಯ್ಪ್, ಹುಯ್ಪ್'. ನೂರಾರು ಸೇರಿದರೆ ಥೇಟ್ ನಸುಕಿನ ಹಕ್ಕಿಗಳೇ. ತಮಾಷೆ ಅಂದರೆ, ಇವು ಜಾಸ್ತಿ ಏಳುವುದೂ ಭೂಮಿಯ ಬೆಳಗಿನ ಮಗ್ಗುಲಿನಲ್ಲೇ.

ನಮ್ಮೂರಾಗ ಕುಂತು ಕೇಳಾಕ ಬರ್ತದೇನ್ರಿ?

ಕೋರಸ್ ಕೇಳುವುದಿಲ್ಲ. ನಮ್ಮೂರು ಕಾಂತ ಸಮಭಾಜಕಕ್ಕೆ ತೀರಾ ಹತ್ತಿರ. ಇಲ್ಲಿಂದ ಹೊರಟ ಬಲರೇಖೆ ಕೆಲವು ನೂರು ಕಿ.ಮೀ. ಒಳಗೇ ಬಾಗಿ ಕೆಳಗಿಳಿದುಬಿಡುತ್ತದೆ, ಪಟ್ಟಿಯ ತನಕ ಹೋಗುವುದೇ ಇಲ್ಲ. ಸಿಡಿಲಿನಿಂದ ಹುಟ್ಟಿ ಬಲರೇಖೆ ಹಿಡಿದು ಬರುವ ವಿಸ್ಲರ್ ಅಲೆಗಳನ್ನು ನಮ್ಮ ದೇಶದಲ್ಲಿ ವಾರಾಣಸಿ, ನೈನಿತಾಲ್, ಗುಲ್ಮಾರ್ಗ್‌ಗಳಲ್ಲಿ ದಾಖಲಿಸಿದ್ದಾರೆ. ಮೊದಲ ಮಹಾಯುದ್ಧದ ಟೆಲಿಫೋನ್ ತಂತಿಗಳಲ್ಲೇ ಅವುಗಳ ಸಿಳ್ಳೆ ಕೇಳಿತ್ತು. ಕಾರಣ ಸರಿಯಾಗಿ ಬಿಡಿಸಿ ಹೇಳಿದವರು ಓವೆನ್ ಸ್ಟೋರಿ, 1953ರಲ್ಲಿ.

ಆದರೂ ಸುಮ್ನೆ ಕೂರಬೇಕಿಲ್ಲ. ನಾನು ಮತ್ತು ನಾಲ್ಕು ಹುಡುಗರು ಕಿಟಕಿ ಚೌಕಟ್ಟಿನಷ್ಟು ದೊಡ್ಡ ಕಟ್ಟಿಗೆಯ ಚೌಕಕ್ಕೆ ತಂತಿ ಸುತ್ತಿ ಆಂಟೆನಾ ಮಾಡಿದೆವು. ತಂತಿ ಮೋಟರ್ ರಿವೈಂಡಿಂಗ್ ಅಂಗಡಿಯದು. ಬೋರ್‌ವೆಲ್ ಮೋಟರ್ ಸುಡದ ವಾರ ನಮ್ಮ ಕಡೆ ಇಲ್ಲವಲ್ಲ, ತಂತಿಗೆ ಬರವಿಲ್ಲ. ಊರೊಳಗೆ ಹಿಡಿದರೆ ಬರೀ 'ಗುಂಯ್' ಅನ್ನುವ ಕರೆಂಟಿನ ಸಪ್ಪಳ. ಅದಕ್ಕೆ ಚಳಿಗಾಲದ ಒಂದು ರಾತ್ರಿ ಹಿಟ್ನಳ್ಳಿ ದಾರಿಯ ಆಚೆ ಜೋಳದ ಹೊಲಕ್ಕೆ ಹೋದೆವು. ಹತ್ತು ಗಂಟೆಗೆ ಹೆಡ್‌ಫೋನಿನಲ್ಲಿ ಎಣ್ಣೆಯಲ್ಲಿ ಸಾಸಿವೆ ಸಿಡಿದ ಹಾಗೆ 'ಚಟ್ ಚಟ್' ಶುರುವಾಯಿತು. ನೂರಾರು, ಸಾವಿರಾರು ಕಿ.ಮೀ. ದೂರದ ಸಿಡಿಲುಗಳು. ನಡುನಡುವೆ 'ಟ್ಯುವ್' ಅಂತ ಬಾಲ ಎಳೆಯುವ ಒಂದು ಸದ್ದು. ಅದಕ್ಕೆ ಟ್ವೀಕ್ ಅಂತಾರೆ, ಸಿಡಿಲಿನ ಅಲೆ ನೆಲಕ್ಕೂ ಅಯಾನುಗೋಳಕ್ಕೂ (ವಾತಾವರಣದ ಮೇಲಿನ ಪ್ಲಾಸ್ಮಾ ಪದರ) ನಡುವೆ ಪುಟಿದು ಬಂದದ್ದು. ಹುಡುಗರು ಹೆಡ್‌ಫೋನಿಗೆ ಕಿತ್ತಾಡುತ್ತಿದ್ದರು. ಹನ್ನೊಂದಕ್ಕೆ ತ್ರೀ ಫೇಸ್ ಕರೆಂಟ್ ಬಂತು. ಸುತ್ತಲ ಪಂಪ್‌ಸೆಟ್ಟುಗಳೆಲ್ಲ ಒಟ್ಟಿಗೆ ಹೊಡೆದುಕೊಂಡವು. ಆಕಾಶ ಮುಳುಗಿಹೋಯಿತು. ನೀರು ಹಾಯಿಸುವವರಿಗೆ ಬೈಯುವ ಹಾಗೂ ಇಲ್ಲ!

ಅಲೆ ಇಷ್ಟ ಸಣ್ಣದು, ಎಲೆಕ್ಟ್ರಾನ್ ಅಷ್ಟ ಜೋರು. ಅದು ಇದನ್ನ ಹೆಂಗ ಅಲುಗಾಡಸ್ತದ?

ಇಡೀ ವಿಷಯದ ಜೀವಾಳ ಇದೇ. ಅಲೆ ನಿಜಕ್ಕೂ ಸಣ್ಣದು. ಹೊರಪಟ್ಟಿಯ ನಡುವೆ ಭೂಮಿಯ ಕಾಂತಕ್ಷೇತ್ರ 250 ನ್ಯಾನೋಟೆಸ್ಲಾ ಆಸುಪಾಸು ಇದ್ದರೆ, ಕೋರಸ್ ಅಲೆಯದು ಸಾಮಾನ್ಯವಾಗಿ 0.1 ನ್ಯಾನೋಟೆಸ್ಲಾದ ಆಸುಪಾಸು. ಬಲದ ಮಾತಾದರೆ ಅಲೆ ಸೋತಂತೆಯೇ. ಅದು ಗೆಲ್ಲುವುದು ಹೊತ್ತು ನೋಡಿ ಹೊಡೆಯುವುದರಿಂದ.

ನಾಗರಪಂಚಮಿಯ ಜೋಕಾಲಿ ನೆನಪಿಸಿಕೊಳ್ಳಿ. ಎದುರುಬದುರು ನಿಂತು ಜೀಕುವ ಇಬ್ಬರು ಅಕ್ಕಂದಿರ ಭಾರ ನೂರು ಕಿಲೋ ದಾಟಬಹುದು. ಆದರೂ ಆರನೇ ಇಯತ್ತೆಯ ಹುಡುಗಿ ಸರಿಯಾದ ಹೊತ್ತಿಗೆ ಬೆರಳಲ್ಲಿ ನೂಕಿದರೆ ಸಾಕು, ಹತ್ತು ಸಲದೊಳಗೆ ಜೋಕಾಲಿ ಕೊಂಬೆ ಮುಟ್ಟುತ್ತದೆ. ಹೊತ್ತು ತಪ್ಪಿದರೆ ಪೈಲ್ವಾನ ನೂಕಿದರೂ ಉಪಯೋಗವಿಲ್ಲ. ಹೀಗೆ ತಾಳ ಕೂಡುವುದಕ್ಕೆ ಪಠ್ಯದಲ್ಲಿ ಅನುರಣನೆ ಅಂತ ಹೆಸರು.

ಈಗ ಒಂದು ಅಡಚಣೆ. ನಮ್ಮ ಎಲೆಕ್ಟ್ರಾನ್ ಸೆಕೆಂಡಿಗೆ 4,500 ಸುತ್ತು ಹಾಕುತ್ತದೆ, ಅಲೆ ಉದಾಹರಣೆಗೆ 2,000 ಸಲ ತೂಗುತ್ತದೆ. ತಾಳ ಎಲ್ಲಿ ಕೂಡಿತು? ಸೊಲ್ಲಾಪುರ ರಸ್ತೆಯಲ್ಲಿ ಎದುರಿಗೆ ಬರುವ ಲಾರಿಯ ಹಾರ್ನ್ ಕೇಳಿದ್ದೀರಲ್ಲ. ಹತ್ತಿರ ಬರುವಾಗ ಸ್ವರ ಏರಿರುತ್ತದೆ, ದಾಟಿದ ಕೂಡಲೇ ಇಳಿಯುತ್ತದೆ. ಹಾಗೇ, ಅಲೆಗೆ ಎದುರಾಗಿ ಓಡುವ ಎಲೆಕ್ಟ್ರಾನಿಗೆ ಅದರ ತೂಗಾಟ ಜಾಸ್ತಿಯಾಗಿ ತೋರುತ್ತದೆ. ಸರಿಯಾದ ವೇಗದಲ್ಲಿ ಎದುರಾದರೆ ಆ 2,000ವೇ 4,500 ಆಗುತ್ತದೆ. ಮೇಲಾಗಿ ಈ ಅಲೆಯ ಕ್ಷೇತ್ರ ಎಲೆಕ್ಟ್ರಾನ್ ಸುತ್ತುವ ದಿಕ್ಕಿನಲ್ಲೇ ಸುತ್ತುತ್ತದೆ. ಇಬ್ಬರೂ ಜೊತೆಯಾಗಿ ತಿರುಗುತ್ತಾರೆ. ಎಲೆಕ್ಟ್ರಾನಿಗೆ ಅಲೆ ನಿಂತಲ್ಲೇ ನಿಂತ ಹಾಗೆ ಕಾಣುತ್ತದೆ, ಒಂದೇ ಕಡೆಗೆ ನೂಕು ಬೀಳುತ್ತಾ ಹೋಗುತ್ತದೆ. ಯಾವ ವೇಗದ, ಯಾವ ಕೋನದ ಎಲೆಕ್ಟ್ರಾನಿಗೆ ಯಾವ ಅಲೆ ತಾಳ ಕೂಡುತ್ತದೆ ಎನ್ನುವುದೇ ಈ ವಿದ್ಯೆಯ ಮುಕ್ಕಾಲು ಪಾಲು.

ಚದುರಿಕೆ ಅಂದರೆ ಬಡಿದು ಚೆಲ್ಲಾಪಿಲ್ಲಿ ಆಗುವುದಾ ಸರ್?

ಅಲೆ ಎಲೆಕ್ಟ್ರಾನನ್ನು ಚದುರಿಸುತ್ತದೆ ಅಂದರೂ ಇಲ್ಲಿ ಯಾರೂ ಯಾರಿಗೂ ಬಡಿಯುವುದಿಲ್ಲ. ಚದುರುವುದು ಕೋನ. ಹೀರೇಬಳ್ಳಿ ಕಂಬಕ್ಕೆ ಸುತ್ತುವುದನ್ನು ನೋಡಿ. ಒಂದು ಬಳ್ಳಿ ಒತ್ತೊತ್ತಾಗಿ ಸುತ್ತಿ ನಿಧಾನಕ್ಕೆ ಏರುತ್ತದೆ. ಇನ್ನೊಂದು ಅವಸರದಲ್ಲಿ ಎರಡೇ ಸುತ್ತಿಗೆ ತುದಿ ಮುಟ್ಟುತ್ತದೆ. ಎಲೆಕ್ಟ್ರಾನಿನ ಓಟಕ್ಕೂ ಬಲರೇಖೆಗೂ ನಡುವಿನ ಕೋನವೇ ಈ ವ್ಯತ್ಯಾಸ. ಕೋನ ದೊಡ್ಡದಿದ್ದರೆ ಎಲೆಕ್ಟ್ರಾನ್ ಬೇಗನೇ ತಿರುಗಿ ಬರುತ್ತದೆ, ಸುರಕ್ಷಿತ. ಕೋನ ತೀರಾ ಸಣ್ಣದಾದರೆ ಅದು ತಿರುಗುವ ಮೊದಲೇ ವಾತಾವರಣದೊಳಗೆ ನುಗ್ಗಿಬಿಡುತ್ತದೆ, ಮತ್ತೆ ಬರುವುದಿಲ್ಲ. ಈ ಅಪಾಯದ ಕೋನಗಳ ಗುಂಪಿಗೆ ನಷ್ಟ ಶಂಕು ಅಂತಾರೆ.

ಅದು ಎಷ್ಟು ಕಿರಿದು ಅಂದರೆ, ನಮ್ಮ ಉದಾಹರಣೆಯ ಎಲೆಕ್ಟ್ರಾನಿಗೆ ಸಮಭಾಜಕದ ಮೇಲೆ ಸುಮಾರು ಐದು ಡಿಗ್ರಿ. ಗೋಡೆ ಗಡಿಯಾರದಲ್ಲಿ ಒಂದು ನಿಮಿಷದ ಗೆರೆಯಿಂದ ಇನ್ನೊಂದಕ್ಕೆ ಆರು ಡಿಗ್ರಿ. ಅದಕ್ಕಿಂತ ಸಣ್ಣ ಕಿಂಡಿ!

ಅಲೆ ಒಂದೇ ಏಟಿಗೆ ಎಲೆಕ್ಟ್ರಾನನ್ನು ಆ ಕಿಂಡಿಗೆ ತಳ್ಳುವುದು ಅಪರೂಪ. ಒಂದು ನೂಕು ಕೋನವನ್ನು ಒಂಚೂರು ಹಿಗ್ಗಿಸುತ್ತದೆ, ಇನ್ನೊಂದು ಕುಗ್ಗಿಸುತ್ತದೆ. ಜೋಕಾಲಿಗೆ ಹತ್ತು ಹುಡುಗರು ತಮಗೆ ಬಂದ ಹಾಗೆ ಕೈಹಚ್ಚಿದಂತೆ. ಕುಡಿದವನು ಬಾವಿ ಕಟ್ಟೆಯ ಮೇಲೆ ನಡೆದಂತೆ ಅಂತಲೂ ಹೇಳಬಹುದು. ಎರಡು ಹೆಜ್ಜೆ ಆ ಕಡೆ, ಒಂದು ಈ ಕಡೆ, ಒಂದಲ್ಲ ಒಂದು ಹೊತ್ತಿಗೆ ಒಳಗೆ.

ಈ ಅಲೆಗಳಾಗ ಎಷ್ಟು ಥರ ಅದಾವ್ರಿ?

ಎಲೆಕ್ಟ್ರಾನ್ ವಿಷಯಕ್ಕೆ ಮೂರು ಗೊತ್ತಿದ್ದರೆ ಸಾಕು.

ಕೋರಸ್ ಆಯಿತು. ಅದು ಪ್ಲಾಸ್ಮಾಗೋಳದ ಹೊರಗಿನದು. ಪ್ಲಾಸ್ಮಾಗೋಳ ಅಂದರೆ ಭೂಮಿಯನ್ನು ಉದ್ದಿನ ವಡೆಯಂತೆ ಸುತ್ತಿರುವ, ತಣ್ಣಗಿನ ದಟ್ಟ ಪ್ಲಾಸ್ಮಾ.

ಅದರೊಳಗೆ ಇರುವುದು ಹಿಸ್. ಸುಮಾರು 100ರಿಂದ 2,000 ಹರ್ಟ್ಸ್. ಕೇಳಿದರೆ ಪ್ರೆಶರ್ ಕುಕ್ಕರ್ ಆವಿ ಬಿಟ್ಟ ಹಾಗೆ ಒಂದೇ ಸಮ 'ಸ್‌ಸ್‌ಸ್'. ಇದು ಎಲ್ಲಿಂದ ಬರುತ್ತದೆ ಎನ್ನುವುದರ ಬಗ್ಗೆ ದಶಕಗಳ ಜಗಳವಿದೆ. ನನಗೆ ಹಿಡಿಸಿದ ಉತ್ತರವನ್ನು ಗೋಳಗುಮ್ಮಟದಲ್ಲಿ ನಿಂತು ಹೇಳುತ್ತೇನೆ. ಶಾಲೆ ಮಕ್ಕಳ ಪ್ರವಾಸದ ದಿನ ಮೇಲಿನ ಮೊಗಸಾಲೆಗೆ ಹೋಗಿ. ಒಬ್ಬ ಹುಡುಗ ಕೂಗಿದರೆ ಅವನ ಹೆಸರು ಸ್ಪಷ್ಟವಾಗಿ ಏಳೆಂಟು ಸಲ ತಿರುಗಿ ಬರುತ್ತದೆ. ನೂರು ಮಕ್ಕಳು ಕೂಗಿದರೆ? ಪ್ರತಿಧ್ವನಿಗಳು ಒಂದರ ಮೇಲೊಂದು ಬಿದ್ದು ಯಾರ ಹೆಸರೂ ಉಳಿಯುವುದಿಲ್ಲ, ಬರೀ ಭೋರ್ಗರೆತ. ಹೊರಗಿನ ಕೋರಸ್ ಅಲೆಗಳು ಪ್ಲಾಸ್ಮಾಗೋಳದೊಳಗೆ ನುಸುಳಿ, ಅಲ್ಲಿ ಪುಟಿದು ಪುಟಿದು, ತಮ್ಮ ಚಿಲಿಪಿಲಿ ಕಳೆದುಕೊಂಡು ಹಿಸ್ ಆಗುತ್ತವೆ ಎನ್ನುವುದು ಈ ವಾದ. 2009ರಲ್ಲಿ ಥೆಮಿಸ್ ಉಪಗ್ರಹಗಳು ಹೊರಗೆ ಕೋರಸ್, ಒಳಗೆ ಹಿಸ್, ಎರಡೂ ಜೊತೆಯಾಗಿ ಏರಿಳಿದದ್ದನ್ನು ಹಿಡಿದಿವೆ. ಸಿಡಿಲಿಗೂ ಒಂದು ಪಾಲಿದೆ, ಅಲ್ಲಲ್ಲೇ ಹುಟ್ಟುವುದೂ ಇದೆ ಎನ್ನುವವರು ಇನ್ನೂ ಇದ್ದಾರೆ.

ಮೂರನೆಯದಕ್ಕೆ ಇಎಂಐಸಿ (ಎಲೆಕ್ಟ್ರೋಮ್ಯಾಗ್ನೆಟಿಕ್ ಅಯಾನ್ ಸೈಕ್ಲೋಟ್ರಾನ್) ಎಂದು ಹೆಸರು. ಸೆಕೆಂಡಿಗೆ ಕೆಲವೇ ಸಲ ತೂಗುವ ಮಂದ ಅಲೆ. ಇದು ಅಯಾನುಗಳ ದಿಕ್ಕಿಗೆ, ಅಂದರೆ ಎಲೆಕ್ಟ್ರಾನಿಗೆ ಉಲ್ಟಾ ಸುತ್ತುತ್ತದೆ. ಹಾಗಾದರೆ ತಾಳ ಕೂಡಲೇಬಾರದು ಅಲ್ವಾ? ಆದರೆ ಬಹಳ ಜೋರಿನ ಎಲೆಕ್ಟ್ರಾನ್ ಈ ಅಲೆಯನ್ನು ಓವರ್‌ಟೇಕ್ ಮಾಡಿ ಮುಂದೆ ಹೋಗುತ್ತದೆ. ನಾವು ದಾಟಿ ಹೋದ ಎತ್ತಿನ ಗಾಡಿ ಹಿಂದಕ್ಕೆ ಹೋದಂತೆ ಕಾಣುತ್ತದಲ್ಲ, ಹಾಗೇ ಅಲೆಯ ಸುತ್ತೂ ತಿರುವುಮುರುವಾಗಿ ತೋರುತ್ತದೆ. ಆದ್ದರಿಂದ ಇದರ ಕೈಗೆ ಸಿಗುವುದು ಮುಖ್ಯವಾಗಿ ದಶಲಕ್ಷ ಎಲೆಕ್ಟ್ರಾನ್ ವೋಲ್ಟ್ ದಾಟಿದ ದೊಡ್ಡ ಕುಳಗಳು. ಸಿಕ್ಕರೆ ಗಂಟೆಗಳಲ್ಲೇ ಮುಗಿಸುತ್ತದೆ.

ಎರಡು ಪಟ್ಟಿ ನಡುವೆ ಖಾಲಿ ಜಾಗ ಯಾಕಿದೆ?

ಹಿಸ್ ಗುಡಿಸುತ್ತದೆ. ಲಾರೆನ್ಸ್ ಲಯನ್ಸ್, ರಿಚರ್ಡ್ ಥಾರ್ನ್, ಚಾರ್ಲ್ಸ್ ಕೆನಲ್ 1972ರಲ್ಲಿ ಇದನ್ನು ಲೆಕ್ಕದಿಂದ ತೋರಿಸಿದರು. ಕಸಬರಿಗೆ ನಿಧಾನದ್ದು, ದಿನಗಳಿಂದ ವಾರಗಳು ಹಿಡಿಯುತ್ತದೆ. ಆದರೆ ಬಿಡುವಿಲ್ಲದೆ ಗುಡಿಸುತ್ತದೆ.

ಎಷ್ಟು ನಿಧಾನ ಎನ್ನುವುದು 2012ರಲ್ಲಿ ಗೊತ್ತಾಯಿತು. ಆಗಸ್ಟ್ 30ರಂದು ಹಾರಿದ ಜೋಡಿ ಉಪಗ್ರಹಗಳು, ವ್ಯಾನ್ ಅಲೆನ್ ಪ್ರೋಬ್ಸ್, ಕಣ್ಣು ಬಿಟ್ಟ ಕೆಲವೇ ದಿನಗಳಲ್ಲಿ ಮೂರನೆಯ ಪಟ್ಟಿಯೊಂದನ್ನು ಕಂಡವು. ಬಹಳ ಶಕ್ತಿಯ ಎಲೆಕ್ಟ್ರಾನುಗಳು ಪ್ಲಾಸ್ಮಾಗೋಳದೊಳಗೆ ಸಿಕ್ಕಿಕೊಂಡು ಉಂಗುರವಾಗಿದ್ದವು. ಅಷ್ಟು ಶಕ್ತಿಯವಕ್ಕೆ ಹಿಸ್‌ನ ತಾಳ ಸರಿಯಾಗಿ ಕೂಡುವುದಿಲ್ಲ. ಉಂಗುರ ಸುಮಾರು ನಾಲ್ಕು ವಾರ ಇತ್ತು, ಆಮೇಲೆ ಸೌರಮಾರುತದ (ಸೂರ್ಯನಿಂದ ಬೀಸಿ ಬರುವ ಪ್ಲಾಸ್ಮಾ) ಒಂದು ಆಘಾತದ ಅಲೆ ಬಂದು ಅಳಿಸಿತು. 2024ರ ಮೇ ತಿಂಗಳ ದೊಡ್ಡ ಕಾಂತ ಬಿರುಗಾಳಿಯ (ಸೌರಮಾರುತದ ಹೊಡೆತಕ್ಕೆ ಭೂಮಿಯ ಕಾಂತಕ್ಷೇತ್ರ ಅಲ್ಲಾಡುವುದು) ನಂತರವೂ ಹೀಗೇ ಹೊಸ ಪಟ್ಟಿ ಸಿಕ್ಕಿತು. ಕಂಡುಹಿಡಿದದ್ದು ಬೂಟಿನ ಡಬ್ಬಿಯಷ್ಟಿದ್ದ ಸರ್ಬಿ ಎಂಬ ಪುಟ್ಟ ಉಪಗ್ರಹ. ಅದು ಏಪ್ರಿಲ್‌ನಲ್ಲಿ ಮಲಗಿಬಿಟ್ಟಿತ್ತು, ಜೂನ್‌ನಲ್ಲಿ ತಾನೇ ಎದ್ದು ಕೂತು ಈ ಸುದ್ದಿ ಹೇಳಿತು.

## ಸ್ವಲ್ಪ ಆಳಕ್ಕೆ

ಅಲೆ ಎಲೆಕ್ಟ್ರಾನ್ ಬೀಳಸ್ತದ ಅಂತೀರಿ. ಅದ ಅಲೆ ಶಕ್ತಿ ಕೊಡ್ತದ ಅಂತೀರಿ. ಯಾವುದು ಖರೆ?

ಎರಡೂ. ಸೂರ್ಯನ ಕಡೆಯಿಂದ ಬಿರುಗಾಳಿ ಬಂದಾಗ ಭೂಮಿಯ ರಾತ್ರಿಯ ಮಗ್ಗುಲಿನಿಂದ ಹತ್ತಾರು ಸಾವಿರ ಎಲೆಕ್ಟ್ರಾನ್ ವೋಲ್ಟಿನ ಎಲೆಕ್ಟ್ರಾನುಗಳು ಒಳಗೆ ನುಗ್ಗುತ್ತವೆ. ಪೂರ್ವಕ್ಕೆ ಸರಿದು ಬೆಳಗಿನ ಕಡೆ ಬರುತ್ತವೆ. ಅವುಗಳಲ್ಲಿ ಅಡ್ಡ ಓಟ ಜಾಸ್ತಿ, ಉದ್ದ ಓಟ ಕಡಿಮೆ. ಆ ಹೆಚ್ಚುವರಿಯೇ ಕೋರಸ್ ಅಲೆಯನ್ನು ಹುಟ್ಟಿಸುತ್ತದೆ. ಹುಟ್ಟಿದ ಅಲೆ ತನ್ನನ್ನು ಹೆತ್ತವರನ್ನೇ ನಷ್ಟ ಶಂಕುವಿಗೆ ತಳ್ಳುತ್ತದೆ. ಆದರೆ ಅಲ್ಲೇ ಇರುವ ಹೆಚ್ಚು ಶಕ್ತಿಯ ಕೆಲವು ಎಲೆಕ್ಟ್ರಾನುಗಳಿಗೆ ಅದೇ ಅಲೆ ಇನ್ನಷ್ಟು ಶಕ್ತಿ ಕೊಡುತ್ತದೆ. ಸಣ್ಣ ರೈತರ ಹೊಲ ಒಂದೊಂದಾಗಿ ಹೋಗಿ ಒಬ್ಬ ಸಾಹುಕಾರನ ಹೆಸರಿಗೆ ಸೇರುವ ಕಥೆ ನಮಗೆ ಹೊಸದೇನಲ್ಲ.

ಬಹಳ ವರ್ಷ ಇದಕ್ಕೆ ಎದುರಾಳಿ ವಾದವೊಂದಿತ್ತು: ಎಲೆಕ್ಟ್ರಾನುಗಳು ಹೊರಗಿನಿಂದ ಒಳಕ್ಕೆ ಜರುಗುತ್ತಾ ಬಂದು ಶಕ್ತಿ ಗಳಿಸುತ್ತವೆ ಅಂತ. 2012ರ ಅಕ್ಟೋಬರ್ 8-9ರ ಬಿರುಗಾಳಿಯಲ್ಲಿ ಪ್ರೋಬ್ಸ್ ಅಳೆದಾಗ, ಅರ್ಧ ದಿನದೊಳಗೆ ಜೋರಿನ ಎಲೆಕ್ಟ್ರಾನುಗಳ ಎಣಿಕೆ ಸುಮಾರು ಸಾವಿರ ಪಟ್ಟು ಏರಿದ್ದು ಕಂಡಿತು. ಅದೂ ಪಟ್ಟಿಯ ನಡುಮಧ್ಯದಲ್ಲೇ ದಿಬ್ಬವಾಗಿ. ಹೊರಗಿನಿಂದ ಜರುಗಿ ಬಂದಿದ್ದರೆ ದಿಬ್ಬ ಅಂಚಿನಲ್ಲಿರಬೇಕಿತ್ತು. ಜರುಗುವುದೂ ನಡೆಯುತ್ತದೆ, ಆದರೆ ಆ ದಿನದ ಯಜಮಾನಿಕೆ ಕೋರಸ್‌ನದು.

ಹಂಗಾದ್ರ ಪಟ್ಟಿ ತುಂಬಿ ತುಳುಕೂದಿಲ್ಲೇನು?

ಆಲಮಟ್ಟಿಯಲ್ಲಿ ನೀರು 519.60 ಮೀಟರ್ ಮುಟ್ಟಿದರೆ ಗೇಟು ಎತ್ತಲೇಬೇಕು. ಪಟ್ಟಿಯಲ್ಲಿ ಗೇಟು ತಾನೇ ಏಳುತ್ತದೆ. ಎಲೆಕ್ಟ್ರಾನ್ ಜಾಸ್ತಿಯಾದರೆ ಅಲೆ ಜೋರಾಗುತ್ತದೆ, ಅಲೆ ಜೋರಾದರೆ ಬೀಳುವುದು ಜಾಸ್ತಿಯಾಗುತ್ತದೆ. ಕೆನಲ್ ಮತ್ತು ಹ್ಯಾರಿ ಪೆಚೆಕ್ 1966ರಲ್ಲೇ ಈ ಮಿತಿಯನ್ನು ಲೆಕ್ಕ ಹಾಕಿದ್ದರು.

2024ರಾಗ ಲಡಾಖ್ ಆಕಾಶ ಕೆಂಪಾಗಿತ್ತಲ್ರಿ. ಅದು ಈ ಎಲೆಕ್ಟ್ರಾನ್ ಬಿದ್ದಿದ್ದಕ್ಕೇನು?

ಬಿರುಗಾಳಿ ಅದೇ, ಎಲೆಕ್ಟ್ರಾನ್ ಬೇರೆ. ಲಡಾಖಿನ ಹಾನ್ಲೆಯಲ್ಲಿ ಕಂಡ ಕೆಂಪು 200 ಕಿ.ಮೀ.ಗೂ ಮೇಲಿನ ಆಮ್ಲಜನಕದ್ದು. ಅದಕ್ಕೆ ಕಡಿಮೆ ಶಕ್ತಿಯ ಎಲೆಕ್ಟ್ರಾನ್ ಸಾಕು. ಕೋರಸ್‌ನ ಕೈಚಳಕ ಕಾಣುವುದು ಮಿಣುಕುವ ಅರೋರಾದಲ್ಲಿ (ಬೀಳುವ ಕಣಗಳಿಂದ ಆಕಾಶದಲ್ಲಿ ಏಳುವ ಬೆಳಕು). ಧ್ರುವದ ಕಡೆಯ ಊರುಗಳಲ್ಲಿ ಬೆಳಗಿನ ಜಾವ ಆಕಾಶದ ತೇಪೆಗಳು ಕೆಲವು ಸೆಕೆಂಡಿಗೊಮ್ಮೆ ಹತ್ತಿ ಆರುತ್ತವೆ. ಜಪಾನಿನ ಅರಾಸೆ ಉಪಗ್ರಹ ಮೇಲೆ ಕೋರಸ್ ಮಿಡಿದಾಗಲೇ ಎಲೆಕ್ಟ್ರಾನ್ ನಷ್ಟ ಶಂಕುವಿಗೆ ಬೀಳುವುದನ್ನು ನೇರವಾಗಿ ಅಳೆಯಿತು. ಅದು 2018ರಲ್ಲಿ ಪ್ರಕಟವಾಯಿತು.

ಉಪಗ್ರಹಕ್ಕೆ ಏನು ತೊಂದರೆ?

ನಮ್ಮ ಟಿವಿ, ಹವಾಮಾನದ ಉಪಗ್ರಹಗಳು ಸುಮಾರು 36,000 ಕಿ.ಮೀ. ಮೇಲೆ, ಹೊರಪಟ್ಟಿಯೊಳಗೇ ನಿಂತಿವೆ. ಜೋರಿನ ಎಲೆಕ್ಟ್ರಾನ್ ಲೋಹದ ಹೊದಿಕೆ ದಾಟಿ ಕೇಬಲ್ಲಿನ ಪ್ಲಾಸ್ಟಿಕ್ಕಿನೊಳಗೆ ಕೂತುಬಿಡುತ್ತದೆ. ದಿನಗಟ್ಟಲೆ ಕೂಡಿ ಕೂಡಿ ಒಂದು ದಿನ ಚಟ್ ಎಂದು ಕಿಡಿ. ಚಳಿಗಾಲದಲ್ಲಿ ಉಣ್ಣೆ ಅಂಗಿ ಬಿಚ್ಚುವಾಗ ಆಗುವಂಥದ್ದೇ, ಸರ್ಕ್ಯೂಟಿನ ಒಳಗೆ. 1994ರ ಜನವರಿ 20ರಂದು ಕೆನಡಾದ ಅನಿಕ್ ಇ1, ಇ2 ಎರಡೂ ಒಂದೇ ದಿನ ದಿಕ್ಕು ತಪ್ಪಿದವು. ಒಂದು ಕೆಲವು ಗಂಟೆಗಳಲ್ಲಿ ಸುಧಾರಿಸಿತು, ಇನ್ನೊಂದಕ್ಕೆ ತಿಂಗಳುಗಳೇ ಬೇಕಾದವು.

ನಾವ ಅಲೆ ಬಿಟ್ಟು ಆ ಪಟ್ಟಿ ಖಾಲಿ ಮಾಡಾಕ ಬರೂದಿಲ್ಲೇನು?

ಜಮಖಂಡಿಯ ಒಬ್ಬ ಕಾಕಾ ಕೇಳಿದ ಪ್ರಶ್ನೆ. ಬಹಳ ಒಳ್ಳೆಯದು. ನಾವು ಪಟ್ಟಿ ತುಂಬಿದ್ದೂ ಇದೆ. 1962ರ ಜುಲೈ 9ರಂದು ಅಮೆರಿಕ 400 ಕಿ.ಮೀ. ಮೇಲೆ ಸ್ಟಾರ್‌ಫಿಶ್ ಪ್ರೈಮ್ ಎಂಬ ಅಣುಬಾಂಬ್ ಸಿಡಿಸಿತು. ಎಲೆಕ್ಟ್ರಾನುಗಳು ಸಿಕ್ಕಿಕೊಂಡು ಕೃತಕ ಪಟ್ಟಿಯಾಯಿತು. ಮರುದಿನವೇ ಹಾರಿದ ಟೆಲ್‌ಸ್ಟಾರ್ ಅದರ ಹೊಡೆತ ತಿಂದು ಕೆಲವು ತಿಂಗಳಲ್ಲೇ ಸತ್ತಿತು.

ಖಾಲಿ ಮಾಡುವ ಕಡೆ: ಆಸ್ಟ್ರೇಲಿಯಾದ ನಾರ್ತ್ ವೆಸ್ಟ್ ಕೇಪ್‌ನಲ್ಲಿ ಜಲಾಂತರ್ಗಾಮಿಗಳಿಗೆ ಸಂದೇಶ ಕಳಿಸುವ 19.8 ಕಿಲೋಹರ್ಟ್ಸ್ ಕೇಂದ್ರವಿದೆ. ಅದರ ಅಲೆ ಮೇಲಕ್ಕೆ ಸೋರಿ ಒಳಪಟ್ಟಿಯ ಎಲೆಕ್ಟ್ರಾನುಗಳನ್ನು ಚದುರಿಸುವುದನ್ನು ಫ್ರಾನ್ಸಿನ ಡಿಮೀಟರ್ ಉಪಗ್ರಹ ನೋಡಿದೆ. ಯಾರೂ ಉದ್ದೇಶಪಟ್ಟು ಮಾಡಿದ್ದಲ್ಲ. 2019ರಲ್ಲಿ ಅಮೆರಿಕ ಡಿಎಸ್‌ಎಕ್ಸ್ ಉಪಗ್ರಹದಿಂದ ಉದ್ದೇಶಪಟ್ಟೇ ಅಲೆ ಬಿಟ್ಟು ನೋಡಿತು. ಇಡೀ ಪಟ್ಟಿ ಬಳಿದುಹಾಕುವಷ್ಟು ಬಲ ಯಾರಲ್ಲೂ ಇಲ್ಲ. ಕೃಷ್ಣೆಯನ್ನು ಚರಿಗೆಯಿಂದ ಎತ್ತಿದಂತೆ.

ಬೇರೆ ಗ್ರಹಗಳಲ್ಲೂ ಹೀಗೇನಾ?

ಕಾಂತಕ್ಷೇತ್ರ ಗಟ್ಟಿಯಾಗಿದ್ದರೆ ಹೌದು. ಗುರು, ಶನಿ, ಯುರೇನಸ್, ನೆಪ್ಚೂನ್ ಎಲ್ಲಕ್ಕೂ ಪಟ್ಟಿಗಳಿವೆ. ಮಂಗಳ, ಶುಕ್ರಗಳಿಗೆ ಇಲ್ಲ. ಗುರುವಿನ ಕೋರಸ್ ಅಲೆಗಳನ್ನು 1979ರಲ್ಲಿ ವಾಯೇಜರ್ 1 ಹಿಡಿಯಿತು. ಅಲ್ಲಿನ ಎಲೆಕ್ಟ್ರಾನುಗಳ ಹೊಡೆತ ಎಂಥದ್ದೆಂದರೆ, ಜೂನೋ ನೌಕೆಯ ಎಲೆಕ್ಟ್ರಾನಿಕ್ಸ್‌ನೆಲ್ಲ ಸುಮಾರು ಒಂದು ಸೆಂ.ಮೀ. ದಪ್ಪದ ಟೈಟಾನಿಯಂ ತಿಜೋರಿಯಲ್ಲಿ ಇಟ್ಟು ಕಳಿಸಿದರು. ಶನಿಯಲ್ಲಿ ಉಂಗುರಗಳೇ ಎಲೆಕ್ಟ್ರಾನುಗಳನ್ನು ನುಂಗಿಬಿಡುತ್ತವೆ, ಅಲೆಗೆ ಅಷ್ಟು ಕೆಲಸ ಉಳಿಯುವುದಿಲ್ಲ.

## ಎಂ.ಎಸ್ಸಿ. ಓದುವವರಿಗೆ

ಕ್ವಾಸಿ-ಲಿನಿಯರ್ ಸಿದ್ಧಾಂತ ಸಾಕಾಗುತ್ತಾ ಸರ್? ಕೋರಸ್ ಅದರ ಷರತ್ತುಗಳನ್ನು ಪಾಲಿಸುವುದೇ ಇಲ್ಲವಲ್ಲ?

ಸರಿಯಾದ ಜಾಗಕ್ಕೇ ಕೈ ಹಾಕಿದ್ದೀರಿ. ಆ ಸಿದ್ಧಾಂತಕ್ಕೆ ಅಲೆ ಸಣ್ಣದಿರಬೇಕು, ಆವರ್ತನ ಅಗಲವಾಗಿ ಹರಡಿರಬೇಕು, ಹಂತಗಳು (ಫೇಸ್, ಅಂದರೆ ಅಲೆ ತನ್ನ ತೂಗಾಟದಲ್ಲಿ ಎಲ್ಲಿದೆ ಎನ್ನುವುದು) ಅಡ್ಡಾದಿಡ್ಡಿ ಇರಬೇಕು. ಆಗ ಚದುರಿಕೆಯನ್ನು ಕುಡುಕನ ನಡಿಗೆಯಂತೆ ಪ್ರಸರಣ (ಡಿಫ್ಯೂಷನ್) ಸಮೀಕರಣದಲ್ಲಿ ಬರೆಯಬಹುದು. ಹಿಸ್‌ಗೆ ಇದು ಚೆನ್ನಾಗಿ ಹೊಂದುತ್ತದೆ. ಕೋರಸ್ ಹಾಗಲ್ಲ. ಅದು ಕಿರಿದಾದ, ಶಿಸ್ತಿನ, ಏರುವ ಸ್ವರ. ಕೆಲವೊಮ್ಮೆ ಭೂಮಿಯ ಕ್ಷೇತ್ರದ ನೂರನೇ ಒಂದು ಭಾಗಕ್ಕೂ ಏರುತ್ತದೆ. ಆಗ ಎಲೆಕ್ಟ್ರಾನ್ ಅಲೆಯ ಹಂತದೊಳಗೆ ಸಿಕ್ಕಿಕೊಂಡು, ಸ್ವರ ಏರಿದಂತೆ ತಾನೂ ಏರಿ, ಸೆಕೆಂಡಿಗೂ ಕಡಿಮೆ ಹೊತ್ತಿನಲ್ಲಿ ದೊಡ್ಡ ಜಿಗಿತ ಮಾಡುತ್ತದೆ. ಸಿಕ್ಕದೆ ಉಳಿದವು ಎದುರು ದಿಕ್ಕಿಗೆ ಒಂಚೂರು ಸರಿಯುತ್ತವೆ. ಸ್ಯಾಂಪೆಕ್ಸ್ ಉಪಗ್ರಹ ನೋಡಿದ ಮೈಕ್ರೋಬರ್ಸ್ಟ್‌ಗಳು, ಅಂದರೆ ಕ್ಷಣಮಾತ್ರದ ಎಲೆಕ್ಟ್ರಾನ್ ಮಳೆ, ಹುಟ್ಟುವುದು ಇಂಥ ಹೊತ್ತಿನಲ್ಲೇ ಎಂದು ಹೆಚ್ಚಿನವರ ನಂಬಿಕೆ.

ಹಾಗಿದ್ದರೂ ಗಂಟೆಗಳ, ದಿನಗಳ ಲೆಕ್ಕದಲ್ಲಿ ಪ್ರಸರಣ ಮಾದರಿ ಆಶ್ಚರ್ಯ ಪಡುವಷ್ಟು ಸರಿ ಬರುತ್ತದೆ. ಒಂದೊಂದು ಚಿಲಿಪಿಲಿಯೂ ಒಳಗೆ ಸಣ್ಣ ಸಣ್ಣ ಕಂತುಗಳಾಗಿ ಒಡೆದಿರುತ್ತದೆ, ಕಂತಿನಿಂದ ಕಂತಿಗೆ ಹಂತ ಹರಿದುಹೋಗುತ್ತದೆ. ಶಿಸ್ತು ಮುರಿದಲ್ಲಿ ಕುಡುಕನ ನಡಿಗೆ ಮತ್ತೆ ಬರುತ್ತದೆ. ನನ್ನ ಸಲಹೆ: ಮೊದಲು ಪ್ರಸರಣ ಗುಣಾಂಕ ಹಾಕಿ ಲೆಕ್ಕ ಮಾಡಿ. ಎಲ್ಲಿ ತಪ್ಪುತ್ತದೋ ಅಲ್ಲಿ ಮಾತ್ರ ಮುಂದಿನದಕ್ಕೆ ಹೋಗಿ.

ಇದರ ಮ್ಯಾಲೆ ಪ್ರಾಜೆಕ್ಟ್ ಮಾಡಬೇಕಂತೀನಿ. ದೊಡ್ಡ ಲ್ಯಾಬ್ ಬೇಕೇನ್ರಿ?

ಬೇಡ. ವ್ಯಾನ್ ಅಲೆನ್ ಪ್ರೋಬ್ಸ್ 2019ರಲ್ಲಿ ನಿಂತವು, ಆದರೆ ಏಳು ವರ್ಷದ ದತ್ತಾಂಶ ಯಾರು ಬೇಕಾದರೂ ತೆಗೆದುಕೊಳ್ಳಲು ಬಿಟ್ಟಿದ್ದಾರೆ. ಒಂದು ಸಾಧಾರಣ ಲ್ಯಾಪ್‌ಟಾಪ್, ಸ್ವಲ್ಪ ಪೈಥಾನ್, ತಾಳ್ಮೆ. ಮೊದಲ ವಾರ ಒಂದೇ ಒಂದು ದಿನ ತೆಗೆದುಕೊಳ್ಳಿ, 2012ರ ಅಕ್ಟೋಬರ್ 9. ಮೇಲೆ ಅಲೆಯ ಚಿತ್ರ, ಕೆಳಗೆ ಎಲೆಕ್ಟ್ರಾನ್ ಎಣಿಕೆ, ಎರಡಕ್ಕೂ ಒಂದೇ ಕಾಲದ ಅಕ್ಷ. ಕೋರಸ್ ಎಲ್ಲಿ ಹೊತ್ತಿದೆ, ಎಣಿಕೆ ಯಾವಾಗ ಏರಿದೆ, ಯಾವ ಶಕ್ತಿ ಮೊದಲು ಏರಿದೆ ಎಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಬರೆದಾದ ಮೇಲೆ ಫೋನ್ ಮಾಡಿ. ರಾತ್ರಿ ಒಂಬತ್ತರ ನಂತರವಾದರೆ ಒಳ್ಳೆಯದು.